ಮೋಡದ ಹತ್ತಿರ ನಮ್ಮ ಮಕ್ಕಳು

ಆಕಾಶದಲ್ಲಿ ವಿಮಾನದ ಸದ್ದು ಕೇಳಿದರೆ ಮಕ್ಕಳು ಅಂಗಳಕ್ಕೆ ಓಡಿ ಬರ್ತಾರೆ. ನಾವೂ ತಲೆ ಎತ್ತಿ ನೋಡ್ತೀವಿ. ‘ಅದೆಲ್ಲ ದೊಡ್ಡವರಿಗೆ’ ಅಂದುಕೊಳ್ತೀವಿ. ಆದರೆ ನಮ್ಮ ಮಕ್ಕಳೂ ವಿಮಾನದ ವಿದ್ಯೆ ಕಲಿಯಲು ಒಂದು ದಾರಿ ಇದೆ. ಅದು ಎನ್.ಸಿ.ಸಿ. ವಾಯು ವಿಭಾಗ.

ಎನ್.ಸಿ.ಸಿ. ಶುರುವಾದದ್ದು 1948ರಲ್ಲಿ. ಅದಕ್ಕೆ ವಾಯು ವಿಭಾಗ ಸೇರಿದ್ದು 1950ರಲ್ಲಿ. 13 ವರ್ಷ ತುಂಬಿದ ಹುಡುಗರೂ ಹುಡುಗಿಯರೂ ಇದಕ್ಕೆ ಸೇರಬಹುದು. ಸೇರಿದವರಿಗೆ ಕೆಡೆಟ್ ಅಂತಾರೆ. ‘ಏಕತೆ ಮತ್ತು ಶಿಸ್ತು’ ಅವರ ಧ್ಯೇಯ.

ಅಲ್ಲಿ ಏನು ಕಲೀತಾರೆ?

ಮೊದಲು ಕವಾಯತು. ಆಮೇಲೆ ಗುರಿ ಇಟ್ಟು ಬಂದೂಕು ಹೊಡೆಯುವುದು. ಹಗುರ ಮರದಲ್ಲಿ ಪುಟ್ಟ ವಿಮಾನ ಮಾಡಿ ಹಾರಿಸುವುದು. ಅದರ ಮೂತಿ ಭಾರವಾದರೆ ನೆಲಕ್ಕೆ ಕುಕ್ಕುತ್ತೆ. ಬಾಲ ಭಾರವಾದರೆ ಮೇಲೆದ್ದು ಮಗುಚುತ್ತೆ. ತೂಕ ಸರಿ ಮಾಡುತ್ತಾ ಮಾಡುತ್ತಾ ಮಕ್ಕಳಿಗೆ ವಿಮಾನದ ಗುಟ್ಟು ತಿಳಿಯುತ್ತೆ.

ವಿಮಾನ ಇರುವ ಕಡೆ ಕೆಲವು ಕೆಡೆಟ್‌ಗಳಿಗೆ ಹಾರುವ ಅವಕಾಶವೂ ಸಿಗುತ್ತೆ. ಅದು ಎರಡೇ ಸೀಟಿನ ಸಣ್ಣ ವಿಮಾನ. ಪಕ್ಕದಲ್ಲಿ ಹಾರಲು ಬಲ್ಲ ಅಧಿಕಾರಿ ಕೂತಿರ್ತಾರೆ. ಊರು, ಕೆರೆ, ಹೊಲ ಎಲ್ಲ ಕೆಳಗೆ ರಂಗೋಲಿ ಹಾಗೆ ಕಾಣುತ್ತೆ.

ಶಿಬಿರವೂ ಇರುತ್ತೆ. ಬೇರೆ ಬೇರೆ ಊರಿನ, ಜಾತಿಯ, ಭಾಷೆಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ತಾರೆ.

‘ಸೇರಿದರೆ ಯುದ್ಧಕ್ಕೆ ಕಳಿಸ್ತಾರಂತೆ’ ಅಂತ ಕೆಲವರಿಗೆ ಭಯ. ಅದು ಸುಳ್ಳು. ಕೆಡೆಟ್ ಆದವರು ಸೈನ್ಯ ಸೇರಲೇಬೇಕೆಂಬ ಕಟ್ಟುಪಾಡು ಇಲ್ಲ. ಇಷ್ಟ ಇದ್ದವರಿಗೆ ಮಾತ್ರ ಅದೊಂದು ಮೆಟ್ಟಿಲು. ಕಾಲೇಜಿನಲ್ಲಿ ‘ಸಿ’ ಸರ್ಟಿಫಿಕೇಟ್ ಪಡೆದವರಿಗೆ ವಾಯುಪಡೆಯಲ್ಲಿ ಕೆಲವು ಜಾಗ ಮೀಸಲಿವೆ. ಓದು, ವಯಸ್ಸು, ಆರೋಗ್ಯ ಮಾತ್ರ ಸರಿ ಇರಬೇಕು.

‘ಹೆಣ್ಣುಮಗಳಿಗೆ ಇದೆಲ್ಲ ಯಾಕೆ?’ ಅಂತ ಕೇಳುವವರೂ ಇದ್ದಾರೆ. 2016ರಲ್ಲಿ ಮೂವರು ಹೆಣ್ಣುಮಕ್ಕಳು ನಮ್ಮ ದೇಶದ ಯುದ್ಧವಿಮಾನದ ಪೈಲಟ್‌ಗಳಾದರು. ಅವರೂ ಯಾರದೋ ಮನೆಯ ಮಗಳಂದಿರೇ ಅಲ್ಲವೇ?

ಎಲ್ಲ ಶಾಲೆಯಲ್ಲೂ ವಾಯು ವಿಭಾಗ ಇಲ್ಲ. ನಿಮ್ಮ ಮಕ್ಕಳ ಶಾಲೆಯಲ್ಲಿ ಇದೆಯಾ, ಮೇಷ್ಟ್ರನ್ನು ಕೇಳಿ. ಸೇರುವ ಅರ್ಜಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ಹಿಂದೆ ನಾವು ಯಾರೋ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಓದು ಬಂದಿದೆ. ಅರ್ಜಿಯನ್ನು ಪೂರ್ತಿ ಓದೋಣ. ಶಿಬಿರ ಎಲ್ಲಿ, ಎಷ್ಟು ದಿನ, ಜೊತೆಗೆ ಯಾರು ಹೋಗ್ತಾರೆ, ಖರ್ಚು ಎಷ್ಟು ಎಂದು ಕೇಳೋಣ. ತಿಳಿದುಕೊಂಡು ರುಜು ಹಾಕೋಣ.

ಓದಿ, ಉತ್ತರ ಹೇಳಿ

1. ಎನ್.ಸಿ.ಸಿ.ಗೆ ವಾಯು ವಿಭಾಗ ಸೇರಿದ್ದು ಯಾವ ವರ್ಷ?
2. ಪುಟ್ಟ ವಿಮಾನದ ಮೂತಿ ಭಾರವಾದರೆ ಏನಾಗುತ್ತೆ?
3. ರುಜು ಹಾಕುವ ಮೊದಲು ಏನೇನು ಕೇಳಬೇಕು?

ಬರೆಯಿರಿ: ವಿಮಾನ, ಕವಾಯತು, ಶಿಬಿರ, ಒಪ್ಪಿಗೆ, ರುಜು.