ಕಸಿ ಕಿಡ್ನಿ: ಕ್ರಿಯಾಟಿನಿನ್ ಏರಿದರೆ ಬಯಾಪ್ಸಿ ಬೇಕೇ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಎಂಟು ತಿಂಗಳ ಹಿಂದೆ ಅಮ್ಮ ಕೊಟ್ಟ ಕಿಡ್ನಿ ಕಸಿ ಮಾಡಿದ್ದಾರೆ. ಆರಾಮವಾಗಿದ್ದಾನೆ, ಮೂತ್ರವೂ ಸರಿಯಾಗಿ ಹೋಗುತ್ತಿದೆ. ಆದರೆ 1.1 ಇದ್ದ ಕ್ರಿಯಾಟಿನಿನ್ ಈಗ 1.6 ಆಗಿದೆ. ಬಯಾಪ್ಸಿ ಮಾಡಬೇಕು ಎನ್ನುತ್ತಿದ್ದಾರೆ. ಹೆತ್ತ ತಾಯಿಯ ಕಿಡ್ನಿಯನ್ನೂ ದೇಹ ತಿರಸ್ಕರಿಸುತ್ತದೆಯೇ? ರಕ್ತಪರೀಕ್ಷೆಯಲ್ಲೇ ಗೊತ್ತಾಗುವುದಿಲ್ಲವೇ?
– ಹೆಸರು ಬೇಡ, ಹಾಸನ

ಉತ್ತರ: ತಿರಸ್ಕರಿಸಬಹುದು. ಜೀವಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಗುರುತಿನ ಪ್ರೋಟೀನುಗಳಿರುತ್ತವೆ. ಮಗನಿಗೆ ಇವು ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತವೆ. ಹೀಗಾಗಿ ತಾಯಿಯ ಕಿಡ್ನಿಯಲ್ಲೂ ಮಗನ ದೇಹಕ್ಕೆ ಪರಿಚಯವಿಲ್ಲದ ಗುರುತುಗಳು ಸಾಮಾನ್ಯವಾಗಿ ಇರುತ್ತವೆ. 1954ರಲ್ಲಿ ಬಾಸ್ಟನ್‌ನಲ್ಲಿ ನಡೆದ ಮೊದಲ ಯಶಸ್ವಿ ಕಿಡ್ನಿ ಕಸಿ ತದ್ರೂಪಿ ಅವಳಿಗಳ ನಡುವಿನದು; ಅವರ ಗುರುತುಗಳು ಒಂದೇ. ಉಳಿದವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಬೇಕೇ ಬೇಕು.

ಹಾಗೆಂದು ಕಿಡ್ನಿ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಏರಿದ್ದೆಲ್ಲ ತಿರಸ್ಕಾರವಲ್ಲ. ಭೇದಿಯಾಗಿ ನೀರಿನಂಶ ಇಳಿದರೂ, ಆ ಮಾತ್ರೆಗಳಲ್ಲೊಂದಾದ ಟ್ಯಾಕ್ರೊಲಿಮಸ್ ರಕ್ತದಲ್ಲಿ ಹೆಚ್ಚಾದರೂ, ಕಸಿ ಕಿಡ್ನಿಗೆ ಹಾನಿ ಮಾಡುವ ಬಿಕೆ ವೈರಸ್ ತಗುಲಿದರೂ ಏರುತ್ತದೆ. ತಿರಸ್ಕಾರವಾದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಹೆಚ್ಚಿಸಬೇಕು, ಬಿಕೆ ವೈರಸ್ ಆದರೆ ತಗ್ಗಿಸಬೇಕು. ಊಹೆಯ ಮೇಲೆ ಮದ್ದು ಕೊಟ್ಟರೆ ಕಿಡ್ನಿಗೇ ಕುತ್ತು.

ನೀವು ಕೇಳಿದಂಥ ರಕ್ತಪರೀಕ್ಷೆಯೂ ಇದೆ. ಸಾಯುವ ಜೀವಕೋಶಗಳಿಂದ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತವೆ. 1998ರಲ್ಲಿ ಹಾಂಗ್‌ಕಾಂಗ್‌ನ ಡೆನಿಸ್ ಲೋ ತಂಡ, ಗಂಡಸರ ಅಂಗ ಪಡೆದ ಹೆಂಗಸರ ರಕ್ತದಲ್ಲಿ, ಗಂಡಸರಲ್ಲಷ್ಟೇ ಇರುವ ವೈ ವರ್ಣತಂತುವಿನ ಡಿಎನ್‌ಎ ಕಂಡುಹಿಡಿಯಿತು. ಈಗ ದಾನಿ ಗಂಡಾಗಲಿ ಹೆಣ್ಣಾಗಲಿ, ಅವರ ಡಿಎನ್‌ಎ ಪಾಲನ್ನು ಅಳೆಯಬಹುದು. ಕಿಡ್ನಿ ಕಸಿಯಲ್ಲಿ ಅದು ಶೇ 1 ದಾಟಿದರೆ ತಿರಸ್ಕಾರದ ಶಂಕೆ ಬಲವಾಗುತ್ತದೆ. ಆದರೆ ಈ ಪರೀಕ್ಷೆ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದಷ್ಟೇ ಹೇಳುತ್ತದೆ. ಯಾವುದರಿಂದ ಎಂದು ಹೇಳದು. ಸೌಮ್ಯ ತಿರಸ್ಕಾರ ಕೆಲವೊಮ್ಮೆ ಇದರ ಕಣ್ಣಿಗೂ ಬೀಳುವುದಿಲ್ಲ.

ಆದ್ದರಿಂದ ವೈದ್ಯರು ಹೇಳಿದ ಬಯಾಪ್ಸಿಯನ್ನು ಮುಂದೂಡಬೇಡಿ. ಕಸಿ ಕಿಡ್ನಿ ಕಿಬ್ಬೊಟ್ಟೆಯಲ್ಲಿ, ಚರ್ಮಕ್ಕೆ ಹತ್ತಿರವೇ ಇರುತ್ತದೆ. ಆ ಜಾಗವನ್ನಷ್ಟೇ ಮರಗಟ್ಟಿಸಿ, ಸ್ಕ್ಯಾನ್‌ನಲ್ಲಿ ನೋಡುತ್ತಲೇ ಸೂಜಿಯಿಂದ ಚೂರು ತೆಗೆಯುತ್ತಾರೆ. ಒಂದೆರಡು ದಿನ ಮೂತ್ರದಲ್ಲಿ ರಕ್ತ ಕಾಣಬಹುದು. ತೀವ್ರ ರಕ್ತಸ್ರಾವ ಅಪರೂಪ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ.

ಟ್ಯಾಕ್ರೊಲಿಮಸ್ ಪರೀಕ್ಷೆಗೆ ಬೆಳಗಿನ ಮಾತ್ರೆ ನುಂಗುವ ಮುನ್ನವೇ ರಕ್ತ ಕೊಡಲಿ. ಚಕ್ಕೋತ ಹಣ್ಣು ತಿನ್ನಬಾರದು; ಅದು ರಕ್ತದಲ್ಲಿ ಈ ಔಷಧವನ್ನು ಏರಿಸುತ್ತದೆ. ವೈದ್ಯರನ್ನು ಕೇಳದೆ ನಾಟಿ ಮದ್ದು, ನೋವಿನ ಮಾತ್ರೆ ಬೇಡ. ಜ್ವರ, ಕಾಲು ಊತ, ಮೂತ್ರ ಕಡಿಮೆಯಾಗುವುದು, ಕಸಿಯಾದ ಕಡೆ ನೋವು – ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ಬೇಗ ಗುರುತಿಸಿದ ತಿರಸ್ಕಾರವನ್ನು ಬಹಳಷ್ಟು ಸಲ ಹಿಮ್ಮೆಟ್ಟಿಸಬಹುದು.