ನೀರಿದೆಯಾ ಅಂತ ಕೇಳಿ ಹೊರಡಿ

ಚಳ್ಳಕೆರೆ, ಮೊಳಕಾಲ್ಮುರು ಕಡೆ ಸುತ್ತಾಡಲು ಹೊರಟಿದ್ದೀರಾ? ಮೊದಲು ಊರಿನವರನ್ನು ಕೇಳಿ: ಕೆರೆಯಲ್ಲಿ ನೀರಿದೆಯಾ? ಇದು ಬಯಲುಸೀಮೆ. ಮಳೆ ಕೈಕೊಟ್ಟ ವರ್ಷ ಕೆರೆಯಂಗಳದಲ್ಲಿ ಕುರಿ ಮೇಯುವುದನ್ನೇ ನೋಡಿಕೊಂಡು ಬರಬೇಕಾದೀತು. ಹಿಂಗಾರು ಮುಗಿದ ಮೇಲೆ ಹೋಗುವುದು ವಾಸಿ. ನೀರು ಕಂಡಿತೆಂದು ಇಳಿಯಲೂ ಬೇಡಿ. ಹೂಳೆತ್ತಿದ ಗುಂಡಿಯ ಆಳ ಮೇಲಿಂದ ತಿಳಿಯದು.

ಒಂದೇ ದಿನ ಬಿಡುವಿದ್ದರೆ ನನ್ನ ಮತ ಮೊಳಕಾಲ್ಮುರು ಬಳಿಯ ಬ್ರಹ್ಮಗಿರಿಗೆ. ಇಲ್ಲಿಯ ಅಶೋಕನ ಶಾಸನವನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. ಹತ್ತಿರದ ಸಿದ್ದಾಪುರದಲ್ಲೂ ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅವನವೇ ಶಾಸನಗಳಿವೆ. ಅಕ್ಷರಗಳ ಮೇಲೆ ಕೈಯಾಡಿಸಬೇಡಿ, ಕಣ್ಣಾಡಿಸಿ ಸಾಕು. ಬೆಟ್ಟವನ್ನು ಬಿಸಿಲೇರುವ ಮೊದಲೇ ಹತ್ತಿ, ಕುಡಿಯುವ ನೀರು ಹೊತ್ತೇ ಹತ್ತಿ. ಇಳಿದ ಮೇಲೆ ಮೊಳಕಾಲ್ಮುರಿನ ರೇಷ್ಮೆ ಮಗ್ಗಗಳ ಸದ್ದು ಕೇಳಿಯೇ ಬನ್ನಿ. ಸೀರೆ ಕೊಳ್ಳುವುದು ನಿಮ್ಮ ಜೇಬಿಗೆ ಬಿಟ್ಟಿದ್ದು.