ಸೀಸಿಯಂನ ಕೊನೆಯ ಎಲೆಕ್ಟ್ರಾನು

ಓದುತ್ತಿರುವುದು ಕಾಮರ್ಸ್ ಆದರೂ, ಕನ್ನಡ ಶಾಲೆಯಲ್ಲಿ ಬಾಯಿಪಾಠ ಮಾಡಿದ ಎಲೆಕ್ಟ್ರಾನ್ ಕವಚಗಳ ಲೆಕ್ಕ ನನಗಿನ್ನೂ ನೆನಪಿದೆ: 2, 8, 18, 32. ಇವು ಹೆಚ್ಚೆಂದರೆ ಹಿಡಿಸುವ ಸಂಖ್ಯೆಗಳು. ಒಂದು ಪೂರ್ತಿ ತುಂಬಿದ ಮೇಲೇ ಮುಂದಿನದು ಅಂತೇನಿಲ್ಲ. ಎಲೆಕ್ಟ್ರಾನು ಕೂರುವುದು ಕಡಿಮೆ ಶಕ್ತಿಯ ಮಟ್ಟದಲ್ಲಿ. ನಮ್ಮ ಕಾಮರ್ಸ್ ಭಾಷೇಲಿ, ಖರ್ಚು ಕಡಿಮೆ ಇರೋ ಕಡೆ.

ಸೀಸಿಯಂ ನೋಡಿ. ಅದರ 55 ಎಲೆಕ್ಟ್ರಾನುಗಳ ಹಂಚಿಕೆ 2, 8, 18, 18, 8, 1. ನಾಲ್ಕನೆಯ ಕವಚದಲ್ಲೇ 14 ಜಾಗ ಖಾಲಿ. ಆದರೆ ಅವುಗಳ ಶಕ್ತಿಮಟ್ಟ ಮೇಲಿದೆ. ಹಾಗಾಗಿ ಕೊನೆಯದು ಆರನೆಯದರಲ್ಲಿ ಒಂಟಿಯಾಗಿ ಕೂತಿದೆ.

ದೆಹಲಿಯ ಪೂಸಾದಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯ ಭಾರತೀಯ ಕಾಲಮಾನವನ್ನು ಕಾಯುವುದು ಈ ಒಂಟಿಯ ನೆರವಿನಿಂದಲೇ! ಅದೂ ನ್ಯೂಕ್ಲಿಯಸ್ಸೂ ಎರಡು ಪುಟ್ಟ ಅಯಸ್ಕಾಂತಗಳಂತೆ; ಅವುಗಳ ದಿಕ್ಕು ಬದಲಾದರೆ ಪರಮಾಣುವಿನ ಶಕ್ತಿಮಟ್ಟವೂ ಚೂರು ಬದಲಾಗುತ್ತದೆ. ಆ ಬದಲಾವಣೆಗೆ ಸರಿಹೊಂದುವ ಅಲೆ 919,26,31,770 ಸಲ ಕಂಪಿಸಿದರೆ ಒಂದು ಸೆಕೆಂಡು. 1967ರಿಂದ ಲೋಕಕ್ಕೆಲ್ಲ ಇದೇ ಲೆಕ್ಕ.